ನಮ್ಮೂರ ನಾಕು ತಂತಿ

ಓದುಗ ಗೆಳೆಯರೇ, ಈ ವಾರ ಯಾವ ನಾಯಕಿಯ ಮದುವೆ ಸುದ್ದಿಯೂ ಇಲ್ಲ, ಯಾವ ನಾಯಕನ ಮುನಿಸಿನ ಕಥೆಯೂ ಇಲ್ಲ. ಹಾಗಂತ ಪುಟ ತಿರುಗಿಸಬೇಡಿ, ತಾಳಿ! ಬಸ್ಸು ಬರೋದಕ್ಕೆ ಇನ್ನೂ ಹೊತ್ತಿದೆ. ನಿಮಗೊಂದು ಪ್ರಶ್ನೆ ಕೇಳ್ತೀನಿ.

ನಿಮ್ಮ ಮೆಚ್ಚಿನ ಹಾಡು ಯಾರು ಹಾಡಿದ್ದು? ಥಟ್ಟನೆ ಹೇಳ್ತೀರಿ. ಸಂಗೀತ ಯಾರದು? ಅದೂ ಗೊತ್ತು. ಬರೆದವರು? ಅರ್ಧ ಜನಕ್ಕೆ ಗೊತ್ತು. ಸರಿ ಹಾಗಾದರೆ, ಆ ಹಾಡಿನಲ್ಲಿ ಬೇಸ್ ಗಿಟಾರ್ ನುಡಿಸಿದವರು ಯಾರು?

ಸುಮ್ಮನಾದಿರಿ! ನಾಚಿಕೆ ಬೇಡ. ಹನ್ನೆರಡು ವರ್ಷದ ಹಿಂದೆ ನನ್ನನ್ನು ಯಾರಾದರೂ ಕೇಳಿದ್ದರೆ ‘ಬೇಸ್ ಅಂದ್ರ ಏನ್ರಿ?’ ಅಂತ ತಿರುಗಿ ಕೇಳ್ತಿದ್ದೆ. ಇವತ್ತು ಅದೇ ವಾದ್ಯ ನಮ್ಮ ಮನೆಯಲ್ಲಿ ಜೋಳದ ಚೀಲದ ಪಕ್ಕ ಗೋಡೆಗೆ ಒರಗಿ ನಿಂತಿದೆ. ಅದು ಅಲ್ಲಿಗೆ ಬಂದ ಕಥೆ, ಅದರಿಂದ ಅಪ್ಪನಿಗೂ ನನಗೂ ಮಾತು ಬಿಟ್ಟ ಕಥೆ... ಎರಡನ್ನೂ ಹೇಳಿಬಿಡ್ತೀನಿ.

*

ನಮ್ಮೂರು ಲಚ್ಯಾಣ. ವಿಜಯಪುರ ಜಿಲ್ಲೆ, ಇಂಡಿ ತಾಲೂಕು. ಸಿದ್ಧಲಿಂಗ ಮಹಾರಾಜರ ಮಠ ಇದೆ, ರೈಲು ನಿಲ್ದಾಣ ಇದೆ, ಸುತ್ತ ಲಿಂಬಿ ತೋಟ, ಜೋಳದ ಹೊಲ. 2024ರ ಏಪ್ರಿಲ್‌ನಲ್ಲಿ ಕೊಳವೆಬಾವಿಗೆ ಬಿದ್ದ ಮಗು ಜೀವಂತವಾಗಿ ಮೇಲೆ ಬಂದಾಗ ಟೀವಿಯವರೆಲ್ಲ ಓಡಿ ಬಂದಿದ್ದರಲ್ಲ, ಅದೇ ಲಚ್ಯಾಣ. ಗಿಟಾರು ಕಲಿಸುವ ಮಾಸ್ತರರು ಮಾತ್ರ ನಮ್ಮಲ್ಲಿ ಯಾರೂ ಇರಲಿಲ್ಲ.

ನನಗೆ ಮೊದಲ ಪಾಠ ಹೇಳಿದ್ದು ಒಂದು ಟ್ರ್ಯಾಕ್ಟರು. ನಗಬೇಡಿ, ಸತ್ಯ! ಕಬ್ಬಿನ ಹಂಗಾಮು. ಚಹಾದ ಅಂಗಡಿ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿ ಡ್ರೈವರಣ್ಣ ಹಾಡು ಹಚ್ಚಿದ್ದ. ಸೀಟಿನ ಹಿಂದೆ ಎರಡು ದೊಡ್ಡ ಬಾಕ್ಸು. ಆಸಾಮಿ ಶಂಕರಣ್ಣನ ಕಟ್ಟಾ ಅಭಿಮಾನಿ. ಶಂಕರ್‌ನಾಗ್ ತಾನೇ ನಿರ್ದೇಶಿಸಿ ನಟಿಸಿದ, 1981ರ ‘ಗೀತಾ’ ಚಿತ್ರದ ಯುಗಳಗೀತೆ ಬರ್ತಿತ್ತು. ಎಸ್.ಪಿ. ಬಾಲಸುಬ್ರಹ್ಮಣ್ಯಂ, ಎಸ್. ಜಾನಕಿ ಹಾಡಿದ್ದು. ನಿಮಗೂ ಬಾಯಿಪಾಠ ಇದ್ದೇ ಇರುತ್ತೆ.

ಆ ಹಾಡನ್ನು ನನ್ನ ಮೊಬೈಲಿನಲ್ಲಿ ನೂರು ಸಲ ಕೇಳಿದ್ದೆ. ಆದರೆ ಅವತ್ತು ಹಾಡಿನ ಕೆಳಗೆ ಇನ್ನೊಂದು ಹಾಡು ಕೇಳಿಸಿತು. ಗಾಯಕರು ಮೇಲೆ ಹಾರಾಡುತ್ತಿದ್ದರೆ ಕೆಳಗೆ ಯಾರೋ ಬರಿಗಾಲಲ್ಲಿ ನಡೆದಾಡುತ್ತಿದ್ದಾರೆ! ಕಿವಿಗೆ ಕೇಳಿಸಿದ್ದಕ್ಕಿಂತ ಹೆಚ್ಚಾಗಿ ಎದೆಗೂಡಿಗೆ ಬಡಿಯಿತು.

‘ಅಣ್ಣಾ, ಈ ಕೆಳಗ ಧುಂ ಧುಂ ಅಂತ ನಡಿಯೋದು ಏನದು?’

‘ಬೇಸಲೇ ತಮ್ಮಾ, ಬೇಸ್! ಬಾಕ್ಸಿಗೆ ಎಷ್ಟ ರೊಕ್ಕ ಹಾಕೇನಿ ಗೊತ್ತೇನ ನಿನಗ?’

ಅವನಿಗೆ ಬಾಕ್ಸಿನ ಹೆಮ್ಮೆ. ನುಡಿಸಿದವನ ಹೆಸರು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಮೊಬೈಲಿನಲ್ಲಿ ಯಾಕೆ ಕೇಳಿಸಿರಲಿಲ್ಲ ಅನ್ನೋದು ಆಮೇಲೆ ತಿಳೀತು. ಬೇಸ್ ಗಿಟಾರಿನ ಅತಿ ದಪ್ಪ ತಂತಿಯನ್ನು ಮೀಟಿದರೆ ಅದು ಸೆಕೆಂಡಿಗೆ ಸುಮಾರು 41 ಸಲ ನಡುಗುತ್ತೆ. ಮಾಮೂಲಿ ಗಿಟಾರಿನ ದಪ್ಪ ತಂತಿ ಅದರ ಎರಡರಷ್ಟು, 82 ಸಲ. ಇಷ್ಟು ನಿಧಾನದ ನಡುಕ ಕಿವಿಗೆ ಮುಟ್ಟಬೇಕಾದರೆ ಬಹಳಷ್ಟು ಗಾಳಿಯನ್ನು ತಳ್ಳಬೇಕು. ಉಗುರಿನಷ್ಟಿರುವ ಮೊಬೈಲ್ ಸ್ಪೀಕರಿಗೆ ಆ ಶಕ್ತಿ ಎಲ್ಲಿಂದ ಬರಬೇಕು? ದೊಡ್ಡ ಬಾಕ್ಸು ಬೇಕು, ಇಲ್ಲವೇ ಕಿವಿಯೊಳಗೆ ಕೂರುವ ಇಯರ್‌ಫೋನು ಬೇಕು.

*

ಆ ವರ್ಷ ದ್ವಿತೀಯ ಪಿ.ಯು.ಸಿ.ಯಲ್ಲಿ ಡುಮ್ಕಿ ಹೊಡೆದೆ. ಮತ್ತೆ ಪರೀಕ್ಷೆ ಕಟ್ಟು ಅಂತ ಅಪ್ಪ ಟ್ಯೂಷನ್ನಿಗೆ 3,000 ರೂಪಾಯಿ ಕೊಟ್ಟರು. ಲಿಂಬಿಹಣ್ಣು ಮಾರಿದ ದುಡ್ಡು. ನಾನು ವಿಜಯಪುರದ ಕಡೆ ಹೋಗೋ ರೈಲು ಹತ್ತಬೇಕಿತ್ತು. ಸೊಲ್ಲಾಪುರದ ಕಡೆ ಹೋಗೋ ರೈಲು ಹತ್ತಿದೆ. ಭೀಮಾ ನದಿಯ ಸೇತುವೆ ಮೇಲೆ ಗಾಡಿ ಧಡಲ್ ಧಡಲ್ ಅನ್ನುವಾಗ ಎದೆಯೂ ಹಾಗೇ ಹೊಡ್ಕೊಳ್ತಿತ್ತು. ಕೂಲಿಯ ದುಡ್ಡು, ಸೈಕಲ್ಲು ಮಾರಿದ ದುಡ್ಡು ಸೇರಿಸಿ 6,500 ರೂಪಾಯಿಗೆ ಒಂದು ಹಳೇ ಬೇಸ್ ಗಿಟಾರ್ ತಂದೆ. ಅಲ್ಲಲ್ಲಿ ಬಣ್ಣ ಹೋಗಿತ್ತು. ಒಂದು ಕಿವಿ ತಿರುಪು ಸಡಿಲ.

ಅಪ್ಪ ನೋಡಿದರು. ಬೈಯಲಿಲ್ಲ, ಹೊಡೆಯಲಿಲ್ಲ. ‘ಇದಕ್ಕ ನಾಕ ತಂತಿ ಅಷ್ಟ ಏನ?’ ಅಂದರು. ಅದೇ ಕೊನೆ. ಮೂರು ತಿಂಗಳು ನನ್ನ ಜೊತೆ ಒಂದು ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಹೌದು, ನಾಲ್ಕೇ ತಂತಿ. ಬೇಂದ್ರೆಯವರ ‘ನಾಕುತಂತಿ’ಗೆ 1973ರ ಜ್ಞಾನಪೀಠ ಬಂತು. ನನ್ನ ನಾಕು ತಂತಿಗೆ ಬಂದಿದ್ದು ಅಪ್ಪನ ಮೌನ!

*

ಈಗ ವಾದ್ಯದ ವಿಷಯ. ಅಮೆರಿಕದ ಲಿಯೋ ಫೆಂಡರ್ ಎಂಬಾತ 1951ರಲ್ಲಿ ‘ಪ್ರಿಸಿಷನ್ ಬೇಸ್’ ಎಂಬ ವಿದ್ಯುತ್ ಬೇಸ್ ಗಿಟಾರ್ ಹೊರತಂದ. ಅದಕ್ಕೂ ಮುಂಚೆ ಈ ಕೆಲಸವನ್ನು ಮಾಡುತ್ತಿದ್ದದ್ದು ಆಳೆತ್ತರದ ಡಬಲ್ ಬೇಸ್, ಪಿಟೀಲಿನ ಅಜ್ಜನಂಥ ವಾದ್ಯ. ಫೆಂಡರ್ ಅದನ್ನು ಹೆಗಲಿಗೆ ನೇತುಹಾಕುವಂತೆ ಮಾಡಿದ. ಕುತ್ತಿಗೆಗೆ ಲೋಹದ ಅಡ್ಡಪಟ್ಟಿ, ಅಂದರೆ ಫ್ರೆಟ್ಟು ಕೂರಿಸಿದ. ನುಡಿಯುವ ತಂತಿಯ ಉದ್ದ 34 ಅಂಗುಲ. ಇವತ್ತಿಗೂ ಹೆಚ್ಚಿನ ಬೇಸ್‌ಗಳ ಅಳತೆ ಅದೇ.

ತಂದಿದ್ದೇನೋ ಆಯ್ತು, ನುಡಿಸೋದು ಎಲ್ಲಿ? ಭಜನಾ ಮಂಡಳಿಯ ಮೈಕ್ ಸೆಟ್ಟಿಗೆ ಗುಟ್ಟಾಗಿ ಚುಚ್ಚಿ ನೋಡಿದೆ. ಕಹಳೆಯಂಥ ಆ ಲೌಡ್‌ಸ್ಪೀಕರು ಮಾತಿಗೆ ಸರಿ, ಬೇಸಿಗೆ ಬರೀ ಕೊರ್‌ಕೊರ್. ಆಮೇಲೆ ಟ್ರ್ಯಾಕ್ಟರಿನಿಂದ ಕಳಚಿದ 12 ಅಂಗುಲದ ಸ್ಪೀಕರು ಸಿಕ್ಕಿತು, ಬಡಗಿಯಿಂದ ಪೆಟ್ಟಿಗೆ ಮಾಡಿಸಿದೆ. ನಿಮ್ಮಲ್ಲಿ ಯಾರಿಗಾದರೂ ಈ ಹುಚ್ಚಿದ್ದರೆ ಒಂದು ಮಾತು ನೆನಪಿಡಿ. ಸಣ್ಣ ಸ್ಪೀಕರಿಗೆ ಬೇಸ್ ಕೊಟ್ಟು ಜೋರು ಮಾಡಬೇಡಿ, ಸ್ಪೀಕರಿನ ಕಾಗದ ಹರಿದು ಹೋಗುತ್ತೆ.

ಇನ್ನು ತಂತಿ. ಹೊಸ ಜೊತೆಯ ಬೆಲೆ ಕೇಳಿದರೆ ವಾರದ ಸಂತೆ ಮರೆತುಹೋಗುತ್ತೆ! ಅದಕ್ಕೊಂದು ಬಡವರ ಉಪಾಯ ಇದೆ. ಹಳೇ ತಂತಿ ಬಿಚ್ಚಿ ನೀರಲ್ಲಿ ಕುದಿಸಬೇಕು. ಬೆವರು, ಜಿಡ್ಡು ಬಿಟ್ಟುಕೊಂಡು ಕೆಲವು ದಿನ ಮತ್ತೆ ಖಣಖಣ ಅನ್ನುತ್ತೆ. ನಮ್ಮವ್ವ ಒಲೆ ಮೇಲಿನ ಪಾತ್ರೆಯಲ್ಲಿ ಇಣುಕಿ, ‘ಏನಪಾ, ಇವತ್ತ ತಂತಿ ಸಾರೇನ?’ ಅಂದಳು.

ಕಲಿತದ್ದು ಹೇಗೆ? ಮೊಬೈಲಿನಲ್ಲಿ ಹಾಡಿನ ವೇಗವನ್ನು ಅರ್ಧಕ್ಕೆ ಇಳಿಸಿ, ಇಯರ್‌ಫೋನ್ ತುರುಕಿಕೊಂಡು, ಒಂದೊಂದೇ ಸ್ವರ ಹುಡುಕಿ. ಎಡಗೈ ಬೆರಳು ಬೊಕ್ಕೆ ಎದ್ದು, ಒಡೆದು, ಆಮೇಲೆ ಗಟ್ಟಿಯಾದವು. ಬಲಗೈಯ ತೋರುಬೆರಳು, ನಡುಬೆರಳು ಎತ್ತಿನ ಜೋಡಿಯಂತೆ ಒಂದಾದಮೇಲೊಂದು ನಡೆಯಬೇಕು. ಆದರೆ ಬೇಸ್ ಅಂದರೆ ಏನು ಅನ್ನೋದನ್ನ ಮೊಬೈಲು ಕಲಿಸಲಿಲ್ಲ.

ಕಲಿಸಿದ್ದು ಅಪ್ಪನ ಎಡಗೈ.

ಅಪ್ಪ ಸೋಮವಾರದ ಭಜನೆಯಲ್ಲಿ ತಬಲಾ ನುಡಿಸುತ್ತಾರೆ. ಬಲಗೈಗೆ ತಬಲಾ, ಎಡಗೈಗೆ ಡಗ್ಗಾ. ಪದ ಹೇಳುವವರ ಮೇಲೆ, ಪೇಟಿ ಬಾರಿಸುವವರ ಮೇಲೆ ಎಲ್ಲರ ಕಣ್ಣು. ಡಗ್ಗಾವನ್ನು ಯಾರೂ ನೋಡಲ್ಲ. ನಾನು ಕಂಬದ ಮರೆಯಲ್ಲಿ ಕೂತು ಅದೊಂದನ್ನೇ ನೋಡಿದೆ. ಎಲ್ಲಿ ಘುಂ ಅನ್ನಬೇಕು, ಎಲ್ಲಿ ಅಂಗೈ ಒತ್ತಿ ಆ ಘುಂಕಾರವನ್ನು ಜಾರಿಸಬೇಕು, ಮುಖ್ಯವಾಗಿ ಎಲ್ಲಿ ಸುಮ್ಮನಿರಬೇಕು! ಮನೆಗೆ ಬಂದು ಅದನ್ನೇ ತಂತಿ ಮೇಲೆ ಹುಡುಕಿದೆ. ಹಾಡಿನ ಷಡ್ಜ ಹಿಡಿ, ಜೊತೆಗೆ ಪಂಚಮ ಹಿಡಿ, ದೊಡ್ಡ ಡ್ರಮ್ಮಿನ ಪೆಟ್ಟಿನ ಜೊತೆ ಇಳಿ, ಬೇಡವಾದ ತಂತಿಯನ್ನು ಅಂಗೈಯಿಂದ ಮುಚ್ಚು. ಇಷ್ಟು ಬಂದರೆ ಅರ್ಧ ಬೇಸ್ ಬಂದ ಹಾಗೆ. ಮಾತೇ ಆಡದ ಅಪ್ಪ ಹೀಗೆ ನನ್ನ ಗುರು ಆದರು, ಅವರಿಗೇ ಗೊತ್ತಿಲ್ಲದೆ.

*

ಆಮೇಲೆ ಹೆಸರುಗಳ ಬೇಟೆ ಶುರುವಾಯ್ತು. ‘ಗೀತಾ’ ಚಿತ್ರಕ್ಕೆ ಸಂಗೀತ ಇಳಯರಾಜಾ ಅವರದು. ಅವರು ಸ್ವತಂತ್ರ ನಿರ್ದೇಶಕರಾದದ್ದು 1976ರ ತಮಿಳು ಚಿತ್ರ ‘ಅನ್ನಕ್ಕಿಳಿ’ಯಿಂದ. ಅದಕ್ಕೂ ಮುಂಚೆ ನಮ್ಮ ಜಿ.ಕೆ. ವೆಂಕಟೇಶ್ ಅವರ ಬಳಿ ಗಿಟಾರ್ ಹಿಡಿದು ಕೂತಿದ್ದ ಸಹಾಯಕ. ಅಣ್ಣಾವ್ರ ಎಷ್ಟೋ ಚಿತ್ರಗಳಿಗೆ ಸಂಗೀತ ಕೊಟ್ಟ ಅದೇ ಜಿ.ಕೆ. ವೆಂಕಟೇಶ್! ಕನ್ನಡ ಚಿತ್ರಗಳ ವಾದ್ಯಗೋಷ್ಠಿಯಲ್ಲಿ ಕೂತು ಕಲಿತವರು ಇಳಯರಾಜಾ. ಅದಕ್ಕೇ ಏನೋ, ಅವರ ಹಾಡಿನ ಬೇಸ್ ಕೇವಲ ಷಡ್ಜ ಹಿಡಿದು ಕಾವಲು ಕಾಯೋದಿಲ್ಲ. ಗಾಯಕರಿಗೆ ಎದುರು ಮಾತಾಡುತ್ತೆ, ಮುಂದೆ ಓಡಿ ತಿರುವಿನಲ್ಲಿ ಕಾಯುತ್ತೆ. ಮಣಿರತ್ನಂ ಅವರ ಮೊದಲ ಚಿತ್ರ, ನಮ್ಮ ಕನ್ನಡದ ‘ಪಲ್ಲವಿ ಅನುಪಲ್ಲವಿ’ಯನ್ನು (1983) ಇಯರ್‌ಫೋನ್ ಹಾಕಿಕೊಂಡು ಒಮ್ಮೆ ಕೇಳಿ, ನಾನು ಹೇಳೋದು ಗೊತ್ತಾಗುತ್ತೆ.

ಇಳಯರಾಜಾ ಹಾಡುಗಳಿಗೆ ಬಹುಕಾಲ ಬೇಸ್ ನುಡಿಸಿದವರು ಶಶಿಧರನ್. ಮುಂಬಯಿಯಲ್ಲಿ ಆರ್.ಡಿ. ಬರ್ಮನ್ ಜೊತೆಗಿದ್ದವರು ಟೋನಿ ವಾಜ್. ಎ.ಆರ್. ರೆಹಮಾನ್ ಜೊತೆ ನುಡಿಸಿದವರು ಕೀತ್ ಪೀಟರ್ಸ್. ಈಚೆಗೆ ಮೋಹಿನಿ ಡೇ ಅನ್ನೋ ಹೆಣ್ಣುಮಗಳ ಬೆರಳಿನ ವೇಗ ನೋಡಿ ನಾನು ಎರಡು ದಿನ ಗಿಟಾರ್ ಮುಟ್ಟಲಿಲ್ಲ, ಅಷ್ಟು ನಾಚಿಕೆ!

ಆದರೆ ಹಳೇ ಕನ್ನಡ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ಬೇಸ್ ನುಡಿಸಿದವರ ಹೆಸರು ಹುಡುಕಿ ಹುಡುಕಿ ಕಣ್ಣು ನೋವಾಯ್ತು. ಸಂಗೀತ ನಿರ್ದೇಶಕರ ಹೆಸರಿದೆ, ಹಿನ್ನೆಲೆ ಗಾಯಕರ ಹೆಸರಿದೆ. ಮದರಾಸಿನ ಸ್ಟುಡಿಯೋದಲ್ಲಿ ಎಲ್ಲರೂ ಒಟ್ಟಿಗೆ ಕೂತು ನುಡಿಸಬೇಕಾಗಿದ್ದ ಕಾಲ ಅದು. ಒಬ್ಬ ತಪ್ಪಿದರೆ ಎಲ್ಲರೂ ಮತ್ತೆ ಮೊದಲಿಂದ! ಅಷ್ಟು ಹೊಣೆ ಹೊತ್ತವರ ಹೆಸರಿಗೆ ಒಂದು ಗೆರೆ ಜಾಗ ಇಲ್ಲ.

ಇದು ನಮ್ಮಲ್ಲಷ್ಟೇ ಅಲ್ಲ. ಅಮೆರಿಕದ ಡೆಟ್ರಾಯಿಟ್ ಊರಿನ ಮೋಟೌನ್ ಕಂಪನಿಯ ಹಾಡುಗಳು ಅರವತ್ತರ ದಶಕದಲ್ಲಿ ಜಗತ್ತನ್ನೇ ಕುಣಿಸಿದವು. ಅವುಗಳಲ್ಲಿ ಲೆಕ್ಕವಿಲ್ಲದಷ್ಟು ಹಾಡಿಗೆ ಬೇಸ್ ನುಡಿಸಿದವರು ಜೇಮ್ಸ್ ಜೇಮರ್ಸನ್. ಬಲಗೈಯ ಒಂದೇ ಬೆರಳಲ್ಲಿ! ತಂತಿ ತುಂಡಾಗದ ಹೊರತು ಬದಲಿಸುತ್ತಿರಲಿಲ್ಲವಂತೆ. (ಅವ್ವನಿಗೆ ಇದನ್ನು ಹೇಳಿದೆ. ‘ಶಾಣ್ಯಾ ಇದ್ದಾನ’ ಅಂದಳು.) ಅಂಥವರ ಹೆಸರು ತಟ್ಟೆಯ ಹೊದಿಕೆ ಮೇಲೆ ಬರಲಿಕ್ಕೆ 1971ರ ಮಾರ್ವಿನ್ ಗೇ ಆಲ್ಬಂವರೆಗೆ ಕಾಯಬೇಕಾಯ್ತು. 1983ರಲ್ಲಿ ತೀರಿಕೊಂಡರು. ಅವರ ತಂಡದ ಬಗ್ಗೆ ಸಾಕ್ಷ್ಯಚಿತ್ರ ಬಂದಿದ್ದು 2002ರಲ್ಲಿ.

*

ಮಾತು ಬಿಟ್ಟ ಕಥೆಯ ಉಳಿದ ಭಾಗ ಹೇಳಬೇಕಲ್ಲ.

ನಾಲ್ಕನೇ ವರ್ಷಕ್ಕೆ ಒಂದು ರಸಮಂಜರಿ ತಂಡದಲ್ಲಿ ಜಾಗ ಸಿಕ್ಕಿತು. ಒಂದು ರಾತ್ರಿಗೆ 500 ರೂಪಾಯಿ, ಮೇಲೆ ಊಟ. ಅಪ್ಪ ಅಷ್ಟು ಹೊತ್ತಿಗೆ ಮಾತಾಡುತ್ತಿದ್ದರು. ಆದರೆ ಗೊಬ್ಬರ, ಮಳೆ, ಎಮ್ಮೆ... ಅಷ್ಟೇ. ಗಿಟಾರಿನ ಸುದ್ದಿ ಮಾತ್ರ ಇಲ್ಲ.

ಪಕ್ಕದ ಊರಿನ ಜಾತ್ರೆ. ರಾತ್ರಿ ಹನ್ನೊಂದು ದಾಟಿತ್ತು. ಅದೇ ‘ಗೀತಾ’ ಹಾಡು ಶುರುವಾಯ್ತು. ಶಂಕರಣ್ಣನ ಹಾಡು ಅಂದ ಮೇಲೆ ಕೇಳಬೇಕೆ? ವೇದಿಕೆ ಮುಂದೆ ಹುಡುಗರು ಧೂಳೆಬ್ಬಿಸಿ ಕುಣೀತಿದ್ದರು. ಎರಡನೇ ಚರಣದ ನಡುವೆ ನನ್ನ ವಯರಿನ ಬೆಸುಗೆ ಕಿತ್ತುಹೋಯ್ತು. ಬೇಸ್ ಸತ್ತಿತು.

ಗಾಯಕ ಹಾಡುತ್ತಲೇ ಇದ್ದ. ಕೀಬೋರ್ಡು, ಡ್ರಮ್ಮು ನಡೀತಲೇ ಇತ್ತು. ಒಂದು ಸ್ವರವೂ ತಪ್ಪಲಿಲ್ಲ. ಆದರೂ ಕುಣಿಯೋ ಹುಡುಗರ ಕಾಲು ನಿಧಾನ ಆಯ್ತು. ಯಾಕೆ ಅಂತ ಅವರಿಗೇ ಗೊತ್ತಿಲ್ಲ. ಒಬ್ಬ ನಿಂತ, ಇನ್ನೊಬ್ಬ ನೀರು ಕುಡಿಯಲಿಕ್ಕೆ ಹೋದ. ಗಾಯಕ ಹೊರಳಿ ನನ್ನ ಕಡೆ ನೋಡಿದ. ನಾನು ನಡುಗೋ ಕೈಯಲ್ಲಿ ವಯರನ್ನು ಒತ್ತಿ ಹಿಡಿದೆ. ಧುಂ! ಮತ್ತೆ ಧೂಳೆದ್ದಿತು.

ಕಾರ್ಯಕ್ರಮ ಮುಗಿದ ಮೇಲೆ ನೋಡಿದರೆ ಚಹಾದ ಅಂಗಡಿ ಬಳಿ ಅಪ್ಪ! ಜಾತ್ರೆಗೆ ಬಂದವರು, ನನಗೆ ಹೇಳಿರಲಿಲ್ಲ. ನಾನು ತಲೆ ತಗ್ಗಿಸಿ ನಿಂತೆ. ಅಪ್ಪ ಚಹಾದ ಕಪ್ಪು ಕೈಗಿಟ್ಟು ಕೇಳಿದರು:

‘ನಡುವ ಏನಾತೋ ತಮ್ಮಾ? ಭಜನಿಯೊಳಗ ಡಗ್ಗಾ ಹರದಂಗಾತಲ್ಲ!’

ಸಾವಿರ ಜನರಲ್ಲಿ ಒಬ್ಬರು ಹಿಡಿದಿದ್ದರು, ಏನು ಹೋಯ್ತು ಅನ್ನೋದನ್ನ. ನಾನು ವಯರು ತೋರಿಸಿದೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿ, ‘ಎರಡ ಇಟ್ಕೋಬೇಕಪಾ ಇಂಥಾವು’ ಅಂದರು. ಟ್ಯೂಷನ್ನಿನ 3,000 ರೂಪಾಯಿ ಬಗ್ಗೆ ಅವತ್ತೂ ಕೇಳಲಿಲ್ಲ, ಇವತ್ತಿನವರೆಗೂ ಕೇಳಿಲ್ಲ. ಆ ಸಾಲ ಹಾಗೇ ಇದೆ. ವಯರು ಮಾತ್ರ ಎರಡು ಇಟ್ಟುಕೊಂಡಿದ್ದೇನೆ.

ಈಗ ಹೆಚ್ಚಿನ ಚಿತ್ರಗೀತೆಗಳಲ್ಲಿ ಬೇಸ್ ಅನ್ನು ಕೀಬೋರ್ಡಿನಲ್ಲೋ ಕಂಪ್ಯೂಟರಿನಲ್ಲೋ ಕೂಡಿಸುತ್ತಾರೆ. ಅದು ತಪ್ಪು ಅನ್ನೋಕೆ ನಾನು ಯಾರು? ಚೆನ್ನಾಗಿ ಮಾಡಿದಾಗ ನಾನೂ ಕುಣೀತೀನಿ. ನಾನು ದೊಡ್ಡ ವಾದಕನೂ ಅಲ್ಲ. ವಾರಕ್ಕೆ ನಾಲ್ಕು ದಿನ ಲೇಖನ, ಎರಡು ದಿನ ಲಿಂಬಿ ತೋಟ, ಸಿಕ್ಕಿದರೆ ಒಂದು ರಾತ್ರಿ ರಸಮಂಜರಿ. ಅಷ್ಟೇ ನನ್ನ ಹಣೆಬರಹ.

ಆದರೆ ಗೆಳೆಯರೇ, ಬಸ್ಸು ಹತ್ತಿ ಕಿಟಕಿ ಪಕ್ಕ ಕೂತಮೇಲೆ ಒಂದು ಕೆಲಸ ಮಾಡಿ. ಇಯರ್‌ಫೋನ್ ಹಾಕಿಕೊಂಡು ನಿಮ್ಮ ಮೆಚ್ಚಿನ ಹಾಡು ಹಚ್ಚಿ. ಒಂದೇ ಒಂದು ಸಲ ಗಾಯಕನನ್ನು ಬಿಟ್ಟು ಕೆಳಗೆ ನಡೆದಾಡುವವನ ಹಿಂದೆ ಹೋಗಿ. ಅವನ ಹೆಸರು ಸಿಕ್ಕರೆ ಒಂದು ಕಾರ್ಡು ಬರೆದು ಹಾಕಿ. ಈ ಅಂಕಣದಲ್ಲಿ ದಪ್ಪ ಅಕ್ಷರದಲ್ಲಿ ಹಾಕಿಸೋ ಜವಾಬ್ದಾರಿ ನನ್ನದು.

ಹಾಂ, ಬಸ್ಸು ಬಂತು ನೋಡಿ. ಮುಂದಿನ ವಾರ ಸಿಗೋಣ.