ನಡುವಯಸ್ಸಿನ ಮೈಬಿಸಿಯೂ ಮನೆಮದ್ದೂ

ಹೊರಗೆ ಸೋನೆಮಳೆ. ಮನೆಮಂದಿಯೆಲ್ಲ ಹೊದ್ದು ಮಲಗಿದ್ದಾರೆ. ನಲವತ್ತೇಳರ ಗೃಹಿಣಿಯೊಬ್ಬಳು ಮಾತ್ರ ಥಟ್ಟನೆ ಎದ್ದು ಕುಳಿತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾಳೆ. ಎದೆಯಿಂದ ಕತ್ತಿಗೆ, ಕತ್ತಿನಿಂದ ಮುಖಕ್ಕೆ ಒಲೆಯ ಝಳವೇರಿದಂತಾಗಿ ರವಿಕೆಯೆಲ್ಲ ಬೆವರಿನಿಂದ ತೊಯ್ದಿದೆ. ಕೆಲವೇ ನಿಮಿಷಗಳಲ್ಲಿ ಅದು ಇಳಿದು ಚಳಿ ಹಿಡಿಯುತ್ತದೆ. ನಿದ್ರೆಗೆಟ್ಟು ಬೆಳಗ್ಗೆ ಸಿಡುಕಿದರೆ, 'ಅಮ್ಮನಿಗೆ ಈಚೆಗೆ ಕೋಪ ಹೆಚ್ಚು' ಎಂಬ ಮಾತು. ಅವಳೋ ನಾಚಿಕೆಯಿಂದ ಯಾರಿಗೂ ಹೇಳಳು.

ಇದು ರೋಗವಲ್ಲ, ಮುಟ್ಟು ನಿಲ್ಲುವ ಕಾಲದ ದೇಹಧರ್ಮ. ಭಾರತದ ಸ್ತ್ರೀಯರಲ್ಲಿ ಈ ಕಾಲ ಸಾಮಾನ್ಯವಾಗಿ 46–47ನೆಯ ವಯಸ್ಸಿನ ಸುಮಾರಿಗೆ ಬರುತ್ತದೆ. ಅಂಡಾಶಯಗಳಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನಿನ ಉತ್ಪತ್ತಿ ತಗ್ಗಿದಾಗ, ಮೈಯ ಉಷ್ಣವನ್ನು ಹತೋಟಿಯಲ್ಲಿಡುವ ಮೆದುಳಿನ ಕೇಂದ್ರವು ಅತಿಸೂಕ್ಷ್ಮವಾಗುತ್ತದೆ. ಉಷ್ಣ ಕಿಂಚಿತ್ತು ಏರಿದರೂ ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಹರಿಸುತ್ತದೆ. ಕೆಲವರಿಗೆ ಈ ಬಾಧೆ ತಿಂಗಳುಗಳಲ್ಲಿ ಮುಗಿದರೆ, ಹಲವರಿಗೆ ಏಳು ವರ್ಷಗಳಿಗೂ ಮೀರಿ ಇರುತ್ತದೆ.

ಇದಕ್ಕೆ ಮನೆಮದ್ದುಗಳು ಅನೇಕ. 'ಹಲವು ಮಕ್ಕಳ ತಾಯಿ ಬೇರು' ಎಂದು ಹೆಸರಾದ ಶತಾವರಿಯ ಚೂರ್ಣವನ್ನು ಹಾಲಿನಲ್ಲಿ ಕದಡಿ ಕುಡಿಯುವುದುಂಟು. ಸೊಗದೆ ಬೇರಿನ ಪಾನಕ, ಲಾವಂಚ ಹಾಕಿಟ್ಟ ಮಡಕೆಯ ನೀರು, ಕೊತ್ತಂಬರಿ–ಜೀರಿಗೆಯ ಆರಿದ ಕಷಾಯ ಇವೆಲ್ಲ ತಂಪೆಂದು ಪ್ರಸಿದ್ಧ. ಇವು ಬಾಯಿಗೆ ಹಿತ, ಬೆವರಿದ ದೇಹಕ್ಕೆ ನೀರು. ಆದರೆ ಬಿಸಿಯೇರುವುದನ್ನೇ ಇವು ತಡೆಯುತ್ತವೆಂಬುದು ದೊಡ್ಡ ಪ್ರಯೋಗಗಳಿಂದ ಸಿದ್ಧವಾಗಿಲ್ಲ.

ವಿದೇಶದ ಮೂಲಿಕೆಗಳ ಕಥೆಯೂ ಇದೇ. ಉತ್ತರ ಅಮೆರಿಕದ ಪೂರ್ವಭಾಗದ ಕಾಡುಗಿಡ 'ಬ್ಲ್ಯಾಕ್ ಕೋಹಾಷ್' ಈಗ ಗುಳಿಗೆಯಾಗಿ ಮಾರಾಟವಾಗುತ್ತಿದೆ. 16 ಪ್ರಯೋಗಗಳ 2,027 ಸ್ತ್ರೀಯರ ವಿವರಗಳನ್ನು 2012ರಲ್ಲಿ ಪರಿಶೀಲಿಸಿದಾಗ ಅದರ ಗುಣಕ್ಕೆ ಸಾಕಷ್ಟು ಆಧಾರ ದೊರೆಯಲಿಲ್ಲ. ಅಪರೂಪವಾಗಿ ಯಕೃತ್ತಿಗೆ ಹಾನಿಯಾದ ವರದಿಗಳೂ ಇವೆ. ಸೋಯಾ ಮೊದಲಾದ ಸಸ್ಯಗಳ ಈಸ್ಟ್ರೋಜೆನ್ ಸದೃಶ ಅಂಶಗಳ ಬಗ್ಗೆಯೂ 2013ರ ಪರಿಶೀಲನೆ ಖಚಿತ ಉತ್ತರ ನೀಡಲಿಲ್ಲ.

ಹಾಗಾದರೆ 'ನನಗೆ ಗುಣವಾಯಿತು' ಎನ್ನುವ ನೆರೆಮನೆಯಾಕೆ ಸುಳ್ಳಾಡುತ್ತಾಳೆಯೇ? ಇಲ್ಲ. ಪ್ರಯೋಗಗಳಲ್ಲಿ ಮದ್ದಿಲ್ಲದ ಹುಸಿಗುಳಿಗೆ ನುಂಗಿದವರಿಗೂ ಬಾಧೆ ಗಣನೀಯವಾಗಿ ತಗ್ಗುವುದು ಕಂಡುಬಂದಿದೆ. ಕಾಲಕ್ರಮದಲ್ಲಿ ಅದು ತಾನಾಗಿಯೂ ಇಳಿಯುತ್ತದೆ. ಹಾಯೆನಿಸಿದ್ದು ನಿಜ, ಅದು ಬೇರಿನಿಂದಲೇ ಬಂದುದೆಂದು ಹೇಳುವುದು ಕಷ್ಟ.

ಸಸ್ಯವೆಂದ ಮಾತ್ರಕ್ಕೆ ನಿರಪಾಯವೆಂದು ಭಾವಿಸಬಾರದು. ಜ್ಯೇಷ್ಠಮಧುವನ್ನು ಬಹುಕಾಲ ಸೇವಿಸಿದರೆ ರಕ್ತದೊತ್ತಡ ಏರಬಹುದು. ಸ್ತನದ ಕ್ಯಾನ್ಸರ್ ಬಂದಿದ್ದವರು ವೈದ್ಯರನ್ನು ಕೇಳದೆ ಇಂಥ ಚೂರ್ಣ, ಗುಳಿಗೆಗಳನ್ನು ಮುಟ್ಟಬಾರದು. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ತೊಟ್ಟು ರಕ್ತ ಕಂಡರೂ ಕಷಾಯ ಕುಡಿಯುತ್ತ ಕೂಡದೆ ತಡಮಾಡದೆ ಪರೀಕ್ಷೆ ಮಾಡಿಸಬೇಕು. ಬೆವರಿನೊಡನೆ ಜ್ವರ ಬಂದರೆ, ತೂಕ ಇಳಿಯುತ್ತಿದ್ದರೆ, ಅದು ಥೈರಾಯಿಡ್ ಅಥವಾ ಕ್ಷಯದ ಸೂಚನೆಯೂ ಆಗಿರಬಹುದು.

ಬಾಧೆ ತೀವ್ರವಾದರೆ ಸಹಿಸಿಕೊಂಡೇ ಇರಬೇಕಾಗಿಲ್ಲ. ಹಾರ್ಮೋನ್ ಚಿಕಿತ್ಸೆಯೇ ಎಲ್ಲಕ್ಕಿಂತ ಪರಿಣಾಮಕಾರಿ. ಆದರೆ ಅದು ಯಾರಿಗೆ ಹೊಂದುತ್ತದೆಂಬುದನ್ನು ವೈದ್ಯರೇ ನಿರ್ಧರಿಸಬೇಕು. ಅದು ಸಲ್ಲದವರಿಗೆ ಬೇರೆ ಔಷಧಗಳಿವೆ. ಸ್ಥೂಲದೇಹಿಗಳಿಗೆ ತೂಕ ಇಳಿಸುವುದರಿಂದಲೂ ಪ್ರಯೋಜನವುಂಟು. ತೆಳುವಾದ ನೂಲಿನ ಉಡುಪು, ಹಾಸಿಗೆಯ ಬಳಿ ಒಂದು ತಂಬಿಗೆ ತಣ್ಣೀರು, ಬೀಸಣಿಗೆ ಇವು ಆ ಗಳಿಗೆಯನ್ನು ಸಹನೀಯವಾಗಿಸುತ್ತವೆ.

ಎಲ್ಲಕ್ಕೂ ಮೊದಲು ಬೇಕಾದುದು ಮನೆಯವರ ಅರಿವು. ಅಮ್ಮನ ಸಿಡುಕಿನ ಹಿಂದೆ ನಿದ್ರೆಯಿಲ್ಲದ ರಾತ್ರಿಗಳಿವೆಯೆಂದು ಪತಿಗೂ ಮಕ್ಕಳಿಗೂ ತಿಳಿದರೆ, ಆಕೆಯ ಅರ್ಧ ಭಾರ ಇಳಿದಂತೆಯೇ ಸರಿ.