ಸೆಕೆ, ನಿದ್ದೆ ಮತ್ತು ಎದ್ದ ಕೈ



ಕಳೆದ ಆಗಸ್ಟಿನಲ್ಲಿ ಒಂದು ಲೇಬರ್ ಕ್ಯಾಂಪಿನಿಂದ ನಮಗೆ ರಾತ್ರಿ ಫೋನ್ ಬಂತು. ನಾಲ್ಕು ವರ್ಷ ಒಂದೇ ರೂಮಿನಲ್ಲಿದ್ದು ಒಂದೇ ತಟ್ಟೆಯಲ್ಲಿ ಉಂಡವರಿಬ್ಬರು ಎಸಿ ರಿಮೋಟಿಗಾಗಿ ಹೊಡೆದಾಡಿಕೊಂಡಿದ್ದರು. ಒಬ್ಬನ ಹುಬ್ಬಿಗೆ ಹೊಲಿಗೆ ಬಿತ್ತು, ಇನ್ನೊಬ್ಬ ಪೊಲೀಸ್ ಠಾಣೆ ಸೇರಿದ. ಆಮೇಲೆ ಇಬ್ಬರೂ ಹೇಳಿದ್ದು ಒಂದೇ ಮಾತು: "ಆಗ ತಲೆಗೆ ಏನಾಯ್ತೋ ಗೊತ್ತಿಲ್ಲ ಮಾರಾಯ್ರೆ."

ಅವರ ಸ್ವಭಾವವೇ ಸರಿಯಿಲ್ಲ ಎಂದು ಮಾತು ಮುಗಿಸುವುದು ಸುಲಭ. ಆದರೆ ಊರಿನಲ್ಲಿ ಯಾರ ಮೇಲೂ ಕೈ ಎತ್ತದವರು ಇಲ್ಲಿ ಯಾಕೆ ಎತ್ತುತ್ತಾರೆ? 1986ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೆನಪಾಗುತ್ತದೆ. ಅಮೆರಿಕದ ಮರುಭೂಮಿ ನಗರ ಫೀನಿಕ್ಸ್‌ನಲ್ಲಿ, ಹಸಿರು ದೀಪ ಬಿದ್ದರೂ ಹೊರಡದ ಕಾರೊಂದನ್ನು ಸಿಗ್ನಲಿನಲ್ಲಿ ನಿಲ್ಲಿಸಿ, ಹಿಂದಿನವರು ಎಷ್ಟು ಹಾರ್ನ್ ಹೊಡೆಯುತ್ತಾರೆಂದು ಸಂಶೋಧಕರು ನೋಡಿದರು. ಸೆಕೆ ಏರಿದಂತೆ ಹಾರ್ನೂ ಏರಿತು. ಎಸಿ ಇಲ್ಲದೆ ಕಿಟಕಿ ತೆರೆದಿಟ್ಟವರಲ್ಲಿ ಇದು ಇನ್ನೂ ಜಾಸ್ತಿ.

ಯುಎಇಯಲ್ಲಿ ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ. ಒಳ್ಳೆಯ ನಿಯಮ. ಆದರೆ ಸೈಟಿನಿಂದ ಬಂದ ಮೇಲೂ ಸೆಕೆ ಮುಗಿಯುವುದಿಲ್ಲ. ಕರಾವಳಿಯ ತೇವದಲ್ಲಿ ಬೆವರು ಆರುವುದಿಲ್ಲ, ಮೈ ತಣಿಯದೆ ನಿದ್ದೆ ಹತ್ತುವುದಿಲ್ಲ. ಕ್ಯಾಂಪ್ ರೂಮಿನಲ್ಲಿ ಒಬ್ಬನಿಗೆ ಕನಿಷ್ಠ 3 ಚದರ ಮೀಟರ್ ಜಾಗ ಎಂದು ನಿಯಮ; ನಾಲ್ಕು ಮುಸಲ್ಲಾ ಹಾಸಿದರೆ ಮುಗಿಯಿತು. ಅದರೊಳಗೆ ನೈಟ್ ಶಿಫ್ಟಿನವನ ನಿದ್ದೆ, ಪಕ್ಕದವನ ವಿಡಿಯೋ ಕಾಲ್, ಬಾರದ ಸಂಬಳದ ಚಿಂತೆ. ನಿದ್ದೆಗೆಟ್ಟ ತಲೆಗೆ ಕೋಪಕ್ಕೆ ಬ್ರೇಕ್ ಹಾಕುವ ಶಕ್ತಿ ಕಡಿಮೆ.

ಹಾಗೆಂದು ಸೆಕೆಯನ್ನು ಯಾರೂ ನೆಪ ಮಾಡಬಾರದು. ಅದೇ ರೂಮಿನ ಉಳಿದವರೂ ಅದೇ ಸೆಕೆಯಲ್ಲಿದ್ದರು, ಅವರು ಹೊಡೆಯಲಿಲ್ಲ. ಕಾನೂನೂ ಥರ್ಮಾಮೀಟರ್ ನೋಡುವುದಿಲ್ಲ. ಕೆಲಸದ ಜಾಗದಲ್ಲಿ ಸಹೋದ್ಯೋಗಿಗೆ ಹೊಡೆದರೆ ನೋಟಿಸ್ ಇಲ್ಲದೆ ಕೆಲಸದಿಂದ ತೆಗೆಯಬಹುದು. ಜೊತೆಗೆ ಕೇಸು, ಗಡೀಪಾರಿನ ಭಯ. ಲೆಕ್ಕ ಬರೆಯುವ ನಮಗೆ ಕಾಣುವುದು ಇಷ್ಟೇ: ಖರ್ಚಿನ ಕಡೆ ತಂಗಿಯ ಮದುವೆ, ಮನೆಯ ಸಾಲ, ಮಕ್ಕಳ ಫೀಸು. ಜಮೆಯ ಕಡೆ ಒಂದು ರಿಮೋಟು.

ಕೋಪ ಬಂದಾಗ ನಿಂತವರು ಕೂರಬೇಕು, ಕೂತವರು ಮಲಗಬೇಕು, ವುಝೂ ಮಾಡಬೇಕು ಎಂದು ಪ್ರವಾದಿ (ಸ) ಕಲಿಸಿದ್ದಾರೆ. ಕೋಪ ಮೈಯೊಳಗಿನ ಬಿಸಿ ಎಂಬುದನ್ನು ನಮ್ಮ ದೀನ್ ಮೊದಲೇ ತಿಳಿದಿತ್ತು.

ಆದ್ದರಿಂದ ಬೇಸಗೆ ಶುರುವಾಗುವ ಮುಂಚೆಯೇ ಪ್ರತಿ ರೂಮಿನವರು ಒಮ್ಮೆ ಕೂತು ಮಾತಾಡಿ. ಎಸಿ ಎಷ್ಟರಲ್ಲಿ ಇಡುವುದು, ಲೈಟ್ ಯಾವಾಗ ಆರಿಸುವುದು, ಅಡುಗೆ ಸರದಿ ಯಾರದು ಎಂದು ಬರೆದು ಗೋಡೆಗೆ ಅಂಟಿಸಿ. ಫೋನಿಗೆ ಇಯರ್‌ಫೋನ್ ಹಾಕಿ. ಎಸಿ ಕೆಟ್ಟರೆ ರೂಮ್‌ಮೇಟ್ ಮೇಲೆ ರೇಗಬೇಡಿ, ಎಲ್ಲರೂ ಸೇರಿ ಕ್ಯಾಂಪ್ ಬಾಸ್‌ಗೆ ದೂರು ಕೊಡಿ. ಮಧ್ಯಾಹ್ನ ವಿರಾಮ ಕೊಡದಿದ್ದರೆ ಸಚಿವಾಲಯದ 600590000ಕ್ಕೆ ಕರೆ ಮಾಡಿ. ಮಾಲೀಕರಿಗೂ ಒಂದು ಮಾತು: ಕೆಟ್ಟ ಎಸಿಯ ರಿಪೇರಿ ಒಂದು ಹೊಡೆದಾಟಕ್ಕಿಂತ ಅಗ್ಗ.

ಆ ಇಬ್ಬರು ಈಗ ರಾಜಿಯಾಗಿದ್ದಾರೆ. ಆದರೆ ಒಬ್ಬ ಊರಿನಲ್ಲಿದ್ದಾನೆ, ಇನ್ನೊಬ್ಬ ಇಲ್ಲಿದ್ದಾನೆ. ಒಂದೇ ತಟ್ಟೆಯ ಊಟ ಮತ್ತೆ ಆಗಲಿಲ್ಲ.

ವಸ್ಸಲಾಂ.