ಟೀವಿಗೂ ಮೊದಲು ಟೇಪು
ಹೊಸ ಟೀವಿ ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ಮನೆಯಲ್ಲಿ ಟೇಪು ಹಿಡಿಯಬೇಕು. ಅಳೆಯಬೇಕಾದದ್ದು ಖಾಲಿ ಗೋಡೆಯನ್ನಲ್ಲ, ಆ ಗೋಡೆಯಿಂದ ನಾವು ಕೂರುವ ಜಾಗದವರೆಗಿನ ದೂರವನ್ನು. 4ಕೆ ಪರದೆಗೆ ಅದರ ಕರ್ಣದಳತೆಯ ಸುಮಾರು ಒಂದೂವರೆ ಪಟ್ಟು ದೂರ ಹಿತ: 43 ಇಂಚಿಗೆ ಐದೂವರೆ ಅಡಿ, 55 ಇಂಚಿಗೆ ಏಳು ಅಡಿ. ಮಳಿಗೆಯ ಝಗಮಗಕ್ಕೆ ಮರುಳಾಗಬೇಡಿ; ಅಲ್ಲಿ ಬಣ್ಣ, ಬೆಳಕು ಎರಡನ್ನೂ ವಿಪರೀತ ಏರಿಸಿರುತ್ತಾರೆ. ಸಿನಿಮಾ ಮೋಡ್‌ಗೆ ಹಾಕಿಸಿ, ಮನುಷ್ಯರ ಮೈಬಣ್ಣ ಸಹಜವಾಗಿದೆಯೇ ನೋಡಿ. ಒಎಲ್‌ಇಡಿಯಲ್ಲಿ ಪ್ರತಿ ಚುಕ್ಕೆಯೂ ತಾನೇ ಬೆಳಗಿ ತಾನೇ ಆರುವುದರಿಂದ ಕಪ್ಪು ಅಪ್ಪಟ ಕಪ್ಪಾಗಿಯೇ ಕಾಣುತ್ತದೆ. ಆದರೆ ಹಗಲೆಲ್ಲ ಬಿಸಿಲು ತುಂಬುವ ಹಾಲ್‌ಗೆ ಪ್ರಖರವಾದ ಎಲ್‌ಇಡಿಯೇ ವಾಸಿ. ದಿನವಿಡೀ ಒಂದೇ ವಾರ್ತಾವಾಹಿನಿ ಹಾಕಿಡುವ ಮನೆಗಳಲ್ಲಿ ಅದರ ಲಾಂಛನದ ಅಚ್ಚು ಒಎಲ್‌ಇಡಿ ಪರದೆಯಲ್ಲಿ ಉಳಿದುಬಿಡುವ ಅಪಾಯವೂ ಉಂಟು. ತೆಳು ಟೀವಿಗಳ ಸ್ಪೀಕರ್‌ಗಳು ಪುಟ್ಟವು. ಕಿವಿ ಮಂದವಾದ ಹಿರಿಯರಿಗೆ ಚಿತ್ರದ ಹೊಳಪಿಗಿಂತ ಮಾತು ಸ್ಪಷ್ಟವಾಗಿ ಕೇಳುವುದು ಮುಖ್ಯ. 32 ಇಂಚಿಗಿಂತ ದೊಡ್ಡ ಟೀವಿಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಹಾಗೆ ಉಳಿದ ಹಣವನ್ನು ಇನ್ನಷ್ಟು ಇಂಚುಗಳಿಗೆ ಸುರಿಯದೆ ಒಂದು ಒಳ್ಳೆಯ ಸೌಂಡ್‌ಬಾರ್‌ಗೆ ಕೊಡಿ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಲು ಅದೇ ಹೆಚ್ಚು ನೆರವಾಗುತ್ತದೆ.